ಮೇಹರೋಗದ ಮೂಲ ಕಂಡ ಆಲ್ಬರ್ಟ್ ನೈಸರ್

ಕನ್ನಡದಲ್ಲಿ ಮೇಹ, ಮರಾಠಿಯಲ್ಲಿ ಪರಮಾ, ತೆಲುಗಿನಲ್ಲಿ ಸೆಗ. ಗಡಿಭಾಗದಲ್ಲಿ ಈ ಕಾಯಿಲೆಯ ಹೆಸರುಗಳಿಗೇನೂ ಬರವಿಲ್ಲ. ಬರ ಇರುವುದು ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯಕ್ಕೆ. ವೈದ್ಯರು ಗೊನೋರಿಯಾ ಎನ್ನುವ ಈ ಗುಪ್ತರೋಗದ ಸೂಕ್ಷ್ಮಾಣುವನ್ನು ಮೊದಲು ಗುರುತಿಸಿದವರು ಜರ್ಮನಿಯ ವೈದ್ಯ ಆಲ್ಬರ್ಟ್ ನೈಸರ್. ಅದಕ್ಕೆ ಇಂದಿಗೂ ಅವರದೇ ಹೆಸರು: ನೈಸೀರಿಯಾ ಗೊನೋರಿಯೆ.

ನೈಸರ್ ಹುಟ್ಟಿದ್ದು 1855ರ ಜನವರಿ 22ರಂದು, ಶ್ವೈಡ್ನಿಟ್ಸ್ ಪಟ್ಟಣದ ಯಹೂದಿ ಕುಟುಂಬವೊಂದರಲ್ಲಿ. ಆಗ ಪ್ರಷ್ಯಾಕ್ಕೆ ಸೇರಿದ್ದ ಆ ಊರು, ಗಡಿ ಸರಿದ ಮೇಲೆ ಈಗ ಪೋಲೆಂಡಿನಲ್ಲಿದೆ. ತಂದೆ ವೈದ್ಯರು. ತಾಯಿ ಮಗನ ಎಳವೆಯಲ್ಲೇ ತೀರಿಕೊಂಡರು. ಬ್ರೆಸ್ಲೌ ನಗರದಲ್ಲಿ ಓದಿ 1877ರಲ್ಲಿ ವೈದ್ಯರಾದ ನೈಸರ್‌ಗೆ ಇಷ್ಟಪಟ್ಟ ವಿಭಾಗದಲ್ಲಿ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಚರ್ಮರೋಗ ವಿಭಾಗ. ಅದೇ ಅವರ ಬದುಕಿನ ದಾರಿಯಾಯಿತು.

1879ರಲ್ಲಿ, ಕೇವಲ 24ನೇ ವಯಸ್ಸಿನಲ್ಲಿ, ರೋಗಿಗಳ ಕೀವಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೋಡಿ ಜೋಡಿಯಾಗಿ ಕೂತ ಪುಟ್ಟ ಅಣುಗಳು ಕಂಡವು. ಕಣ್ಣು ಕೀವುಗಟ್ಟಿದ ನವಜಾತ ಶಿಶುಗಳಲ್ಲೂ ಅವೇ ಅಣುಗಳಿದ್ದವು. ತಾಯಿಗೆ ತಗುಲಿದ ರೋಗ ಹೆರಿಗೆಯಲ್ಲಿ ಕೂಸಿನ ಕಣ್ಣಿಗೆ ಅಂಟುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಮರುವರ್ಷ ಲೈಪ್‌ಜಿಗ್‌ನ ಪ್ರಸೂತಿ ತಜ್ಞ ಕಾರ್ಲ್ ಕ್ರೆಡೆ, ಹುಟ್ಟಿದ ಕೂಡಲೇ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರುಮಾಡಿದರು. ಅವರ ಆಸ್ಪತ್ರೆಯಲ್ಲಿ ನೂರಕ್ಕೆ ಹತ್ತರಷ್ಟಿದ್ದ ಕಣ್ಣಿನ ಸೋಂಕು ಒಂದಕ್ಕಿಂತಲೂ ಕೆಳಗಿಳಿಯಿತು. ಎಷ್ಟೋ ಮಕ್ಕಳ ದೃಷ್ಟಿ ಉಳಿಯಿತು.

ಅಲ್ಲಿಯವರೆಗೆ ಇದನ್ನು ಗಂಡಸರ ಸಣ್ಣ ಕಾಯಿಲೆ ಎಂದು ತಳ್ಳಿಹಾಕುವವರೇ ಹೆಚ್ಚು. ನಿಜಸ್ಥಿತಿ ಬೇರೆ. ಗಂಡಸರಿಗೆ ಉರಿಮೂತ್ರ, ಕೀವಿನಿಂದ ಶುರುವಾಗಿ, ಅಲಕ್ಷಿಸಿದರೆ ವೃಷಣದ ಬಾವು, ಮೂತ್ರನಾಳ ಕಿರಿದಾಗುವುದು. ಹೆಂಗಸರಲ್ಲಿ ಅನೇಕರಿಗೆ ಯಾವ ಲಕ್ಷಣವೂ ಕಾಣದು. ಒಳಗೊಳಗೇ ಅಂಡನಾಳ ಬಾತು, ಗಾಯ ಕಟ್ಟಿ ಮುಚ್ಚಿಹೋಗಬಹುದು. ಆಗ ಮಕ್ಕಳಾಗುವುದಿಲ್ಲ; ಇಲ್ಲವೇ ಗರ್ಭಕೋಶದ ಹೊರಗೆ ಗರ್ಭ ನಿಂತು ಜೀವಕ್ಕೇ ಅಪಾಯ. ಗಂಡ ತಂದ ರೋಗಕ್ಕೆ ಬಂಜೆ ಎಂಬ ಹೆಸರು ಹೊತ್ತ ಹೆಣ್ಣುಮಕ್ಕಳು ಯಾವ ದೇಶದಲ್ಲಿ ಇಲ್ಲ?

ನೈಸರ್ ಬದುಕಿನಲ್ಲಿ ಕಪ್ಪು ಚುಕ್ಕೆಗಳೂ ಇವೆ. ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡಿದ್ದ ಕುಷ್ಠರೋಗದ ಅಣುವನ್ನು, ಅವರಿಂದಲೇ ಮಾದರಿ ಪಡೆದು ಪರೀಕ್ಷಿಸಿ, ಶೋಧ ತನ್ನದೆಂದು ಸಾರಲು ಹೋದರು. ಕೀರ್ತಿ ಕೊನೆಗೆ ಹ್ಯಾನ್ಸನ್‌ಗೇ ಸಂದಿತು.

ಇನ್ನೊಂದು ಇದಕ್ಕಿಂತ ಘೋರ. 1892ರಲ್ಲಿ, ಬೇರೆ ಕಾಯಿಲೆಗಳಿಗೆಂದು ಆಸ್ಪತ್ರೆಗೆ ಬಂದಿದ್ದ ಎಂಟು ಹೆಣ್ಣುಮಕ್ಕಳಿಗೆ ಸಿಫಿಲಿಸ್ ರೋಗಿಗಳ ರಕ್ತದ ಸೀರಮ್ ಚುಚ್ಚಿದರು. ರೋಗ ಬಾರದಂತೆ ತಡೆಯಬಹುದೇ ಎಂಬ ಪರೀಕ್ಷೆ. ಅವರಿಗೆ ಹೇಳಲೂ ಇಲ್ಲ, ಒಪ್ಪಿಗೆ ಕೇಳಲೂ ಇಲ್ಲ. ನಾಲ್ವರಿಗೆ ಸಿಫಿಲಿಸ್ ಬಂತು. ಅದು ಅವರ ವೃತ್ತಿಯಿಂದ ಬಂದದ್ದು ಎಂದು ನೈಸರ್ ವಾದಿಸಿದರು. ಸುದ್ದಿ ಹೊರಬಿದ್ದು ಗದ್ದಲವೆದ್ದಿತು. 1900ರಲ್ಲಿ 300 ಮಾರ್ಕ್ ದಂಡ ಬಿತ್ತು. ಅದೇ ವರ್ಷ, ಚಿಕಿತ್ಸೆಯಲ್ಲದ ಪ್ರಯೋಗಕ್ಕೆ ರೋಗಿಯ ಒಪ್ಪಿಗೆ ಬೇಕೇಬೇಕು ಎಂದು ಪ್ರಷ್ಯಾ ಸರಕಾರ ಆದೇಶ ಹೊರಡಿಸಿತು.

ಮುಂದೆ 1902ರಲ್ಲಿ ಗುಪ್ತರೋಗ ತಡೆಯ ಜರ್ಮನ್ ಸಂಘ ಕಟ್ಟಿದವರಲ್ಲಿ ನೈಸರ್ ಒಬ್ಬರು. 1906ರಲ್ಲಿ ವಾಸರ್‌ಮನ್, ಬ್ರೂಕ್ ಜೊತೆ ಸೇರಿ ಸಿಫಿಲಿಸ್ ಪತ್ತೆಗೆ ರಕ್ತಪರೀಕ್ಷೆ ರೂಪಿಸಿದರು. 1916ರ ಜುಲೈ 30ರಂದು ಬ್ರೆಸ್ಲೌನಲ್ಲಿ ನಿಧನರಾದರು. ಗೊನೋರಿಯಾಕ್ಕೆ ಪೆನ್ಸಿಲಿನ್ ಬಂದದ್ದು ಅವರು ತೀರಿಕೊಂಡು ಕಾಲು ಶತಮಾನ ಕಳೆದ ಮೇಲೆ.

ಆ ಪೆನ್ಸಿಲಿನ್‌ಗೆ ಈಗ ಈ ಅಣು ಜಗ್ಗುವುದಿಲ್ಲ. ಹಲವು ಔಷಧಗಳನ್ನು ಅದು ಗೆದ್ದಿದೆ. ಅಂಗಡಿಯಲ್ಲಿ ಕೇಳಿ ನಾಲ್ಕು ಗುಳಿಗೆ ನುಂಗಿದರೆ ರೋಗ ಅಡಗಿ ಕೂರಬಹುದು, ಹೋಗದು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆದರೆ ವಾಸಿಯಾಗುತ್ತದೆ. ಮುಚ್ಚಿಟ್ಟರೆ ಮಾತ್ರ ಕೆಡುಕು. ಅದರ ಬೆಲೆ ತೆರುವುದು ಹೆಚ್ಚಾಗಿ ಮನೆಯ ಹೆಣ್ಣು, ಮತ್ತು ಇನ್ನೂ ಕಣ್ಣು ತೆರೆಯದ ಕೂಸು.