ಕನ್ನಂಬಾಡಿಯ ಲೆಕ್ಕ: ವಿಶ್ವೇಶ್ವರಯ್ಯನವರ ಬದುಕನ್ನು ತರಗತಿಗೆ ತರುವ ಒಂದು ಬಗೆ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೇಳದ ವಿದ್ಯಾರ್ಥಿ ನಮ್ಮ ಶಾಲೆಗಳಲ್ಲಿ ಸಿಗುವುದಿಲ್ಲ. ಅವರು ಕಟ್ಟಿದ ಅಣೆಕಟ್ಟು, ಆರಂಭಿಸಿದ ಬ್ಯಾಂಕು, ವಿಶ್ವವಿದ್ಯಾನಿಲಯ, ಪಡೆದ ಬಿರುದುಗಳ ಪಟ್ಟಿ ಮಕ್ಕಳಿಗೆ ಬಾಯಿಪಾಠವಾಗಿದೆ. ಹುದಿಕೇರಿಯಲ್ಲಿ ಅಭ್ಯಾಸ ಬೋಧನೆಗೆ ಒಂಬತ್ತನೇ ತರಗತಿಯ ಪಾಠ ಯೋಜನೆ ಬರೆಯುವಾಗ ನಾನು ಆ ಪಟ್ಟಿಯನ್ನು ಬದಿಗಿಟ್ಟು ಒಂದೇ ಪ್ರಶ್ನೆಯನ್ನು ಆರಿಸಿಕೊಂಡೆ: ದೊಡ್ಡ ಕೆಲಸವೊಂದರ ಖರ್ಚನ್ನು ಈ ಮನುಷ್ಯ ಹೇಗೆ ಲೆಕ್ಕ ಹಾಕುತ್ತಿದ್ದರು?

ಈ ಪ್ರಶ್ನೆ ನಮ್ಮ ಊರಿಗೆ ದೂರದ್ದಲ್ಲ. ಇರ್ಪುವಿನಿಂದ ಇಳಿಯುವ ಲಕ್ಷ್ಮಣತೀರ್ಥ ದಕ್ಷಿಣ ಕೊಡಗಿನ ತೋಡುಗಳ ನೀರನ್ನು ಕೂಡಿಸಿಕೊಂಡು ಹುಣಸೂರಿನ ಮೇಲೆ ಹರಿದು ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಕಕ್ಕಡದ ಮಳೆಯನ್ನು ನೋಡುತ್ತ ಬೆಳೆದ ಮಕ್ಕಳಿಗೆ ಆ ನೀರು ಮುಂದೆ ಏನಾಗುತ್ತದೆ ಎಂಬುದು ಒಳ್ಳೆಯ ಪೂರ್ವಜ್ಞಾನದ ಪ್ರಶ್ನೆ.

ಮೊದಲು ಮೂರು ಪದಗಳನ್ನು ಪರಿಚಯಿಸಬೇಕು. ಒಂದು, ಸಂಗ್ರಹ: ಕೆರೆಯಲ್ಲಿರುವ ನೀರು, ಪೆಟ್ಟಿಗೆಯಲ್ಲಿರುವ ಹಣ. ಎರಡು, ಹರಿವು: ಒಳಗೆ ಬರುವುದು, ಹೊರಗೆ ಹೋಗುವುದು. ಮೂರು, ಹಿಮ್ಮಾಹಿತಿ: ಸಂಗ್ರಹದ ಮಟ್ಟವೇ ಮರಳಿ ಹರಿವನ್ನು ಬದಲಿಸುವುದು. ಬಿ.ಎಡ್. ತರಗತಿಯಲ್ಲಿ ಹಿಮ್ಮಾಹಿತಿ ಎಂದರೆ ವಿದ್ಯಾರ್ಥಿಯ ಉತ್ತರ ನೋಡಿ ಬೋಧನೆಯನ್ನು ತಿದ್ದಿಕೊಳ್ಳುವುದು. ಇಲ್ಲಿಯೂ ಅರ್ಥ ಅದೇ. ಈ ಮೂರರ ಜೊತೆಗೆ ವಿಳಂಬವನ್ನೂ ಸೇರಿಸಿ ಕಾರ್ಖಾನೆ, ನಗರ, ನದಿ, ಯೋಜನೆಗಳ ವೆಚ್ಚ ಮುಂತಾದ ಜಟಿಲ ವ್ಯವಸ್ಥೆಗಳನ್ನು ಅಂಕಿಗಳ ಮಾದರಿಯಾಗಿ ನೋಡುವ ವಿಧಾನಕ್ಕೆ ಸಿಸ್ಟಮ್ ಡೈನಾಮಿಕ್ಸ್ ಎಂದು ಹೆಸರು. ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಇದನ್ನು ರೂಪಿಸಿ 1961ರಲ್ಲಿ ಪುಸ್ತಕ ತಂದರು. ಆಗ ವಿಶ್ವೇಶ್ವರಯ್ಯನವರಿಗೆ ನೂರು ತುಂಬಿತ್ತು. ಅವರು ಈ ಹೆಸರನ್ನು ಬಳಸಿದವರಲ್ಲ, ಆದರೆ ಅವರ ಕೆಲಸಗಳನ್ನು ಈ ಪದಗಳಲ್ಲಿ ವಿವರಿಸಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ಇಂದಿಗೂ ಆ ದಿನ ಎಂಜಿನಿಯರುಗಳ ದಿನ. ಶಾಲಾ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಬೇರೆ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಓದಿನ ಖರ್ಚನ್ನು ತೂಗಿಸಿಕೊಂಡು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದರು.

ಆ ಪ್ರಾಂತ್ಯದಲ್ಲಿ ಅವರು ಮಾಡಿದ ಎರಡು ಕೆಲಸಗಳು ನಮ್ಮ ಪಾಠಕ್ಕೆ ಸಾಕು. ಮೊದಲನೆಯದು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು. ಪುಣೆಗೆ ಹೆಚ್ಚು ನೀರು ಬೇಕಾಗಿತ್ತು, ಆದರೆ ಕಟ್ಟೆಯನ್ನೇ ಎತ್ತರಿಸುವುದು ದುಬಾರಿ. ಅವರು ನೀರು ಉಕ್ಕಿ ಹೋಗುವ ಕೋಡಿಯ ಮೇಲೆ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತುಮಾಡಿದ ಮಟ್ಟ ಮುಟ್ಟಿದಾಗ ಅದರ ಬಲದಿಂದಲೇ ಬಾಗಿಲು ತೆರೆದುಕೊಳ್ಳುತ್ತದೆ, ಮಟ್ಟ ಇಳಿದಾಗ ತಾನೇ ಮುಚ್ಚಿಕೊಳ್ಳುತ್ತದೆ. 1903ರ ಈ ಬಾಗಿಲಿಗಿಂತ ಚೆನ್ನಾಗಿ ಹಿಮ್ಮಾಹಿತಿಯನ್ನು ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೆಯದು ನೀರಾ ಕಾಲುವೆಯ ಬ್ಲಾಕ್ ಪದ್ಧತಿ. ಕಾಲುವೆಯ ನೀರನ್ನು ಕೆಲವರೇ ಮಿತಿಮೀರಿ ಬಳಸಿದರೆ ಅವರ ಭೂಮಿ ಜೌಗಾಗುತ್ತದೆ, ಕೊನೆಯಲ್ಲಿರುವವರಿಗೆ ನೀರು ತಲುಪುವುದಿಲ್ಲ. ಭೂಮಿಯನ್ನು ಬ್ಲಾಕುಗಳಾಗಿ ಮಾಡಿ, ಹೆಚ್ಚು ನೀರು ಬೇಡುವ ಕಬ್ಬು, ಭತ್ತ, ಕಡಿಮೆ ನೀರಿನ ಬೆಳೆ, ಹೀಗೆ ಸರದಿಯಲ್ಲಿ ಬೆಳೆಯುವ ವ್ಯವಸ್ಥೆಯನ್ನು ಅವರು ತಂದರು. ಹೊಸ ಕಾಲುವೆ ತೋಡದೆ ಇದ್ದ ನೀರೇ ಹೆಚ್ಚು ಜನರಿಗೆ ದಕ್ಕಿತು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಸತ್ತರು. ನಿಜಾಮ್ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ನಗರದಲ್ಲಿ ನಿಂತು ನೀರನ್ನು ತಡೆಯುವುದರ ಬದಲು ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಲು ಸೂಚಿಸಿದರು. ಮುಂದೆ ಬಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಪ್ರವಾಹವನ್ನೂ ತಡೆದವು, ಕುಡಿಯುವ ನೀರನ್ನೂ ಕೊಟ್ಟವು. ತೊಂದರೆ ಕಾಣಿಸುವ ಜಾಗ ಬೇರೆ, ಅದನ್ನು ಸರಿಪಡಿಸಬೇಕಾದ ಜಾಗ ಬೇರೆ ಎಂಬುದು ಇಲ್ಲಿನ ಕಲಿಕಾಂಶ.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದರು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿದರೂ ಬೇಸಿಗೆಯಲ್ಲಿ ಸೊರಗುತ್ತಿದ್ದಳು. ಈ ಭಾಗವನ್ನು ತರಗತಿಯಲ್ಲಿ ಊಹೆಯ ಅಂಕಿಗಳಿಂದ ಮಾಡಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 10 ಅಳತೆ ನೀರು, ಉಳಿದ 8 ತಿಂಗಳು ತಲಾ 1 ಅಳತೆ ಬರಲಿ. ಬೇಕಾದದ್ದು ತಿಂಗಳಿಗೆ 4 ಅಳತೆ. ವರ್ಷಕ್ಕೆ ಬರುವುದು 48, ಬೇಕಾದದ್ದೂ 48. ಕಾಗದದ ಮೇಲೆ ಕೊರತೆಯೇ ಇಲ್ಲ. ಆದರೆ ಕಟ್ಟೆ ಇಲ್ಲದಿದ್ದರೆ 8 ತಿಂಗಳು ತಲಾ 3 ಅಳತೆ ಕೊರತೆ. 18 ಅಳತೆ ಹಿಡಿಯುವ ಕಟ್ಟೆ ಕಟ್ಟಿದರೆ ಮಾರ್ಚ್‌ವರೆಗೆ ಸಾಕು, ಏಪ್ರಿಲ್ ಮತ್ತು ಮೇ ಬರಿದು. 24 ಹಿಡಿಯುವ ಕಟ್ಟೆಯಾದರೆ ವರ್ಷವಿಡೀ ನೀರು. ಗಣಿಗೆ ಪ್ರತಿ ತಿಂಗಳೂ ವಿದ್ಯುತ್ ಬೇಕು. ಆದ್ದರಿಂದ ಆದಾಯವನ್ನು ನಿರ್ಧರಿಸುವುದು ಒಟ್ಟು ನೀರಲ್ಲ, ಅತಿ ಕಡಿಮೆ ನೀರಿರುವ ತಿಂಗಳು.

ಕನ್ನಂಬಾಡಿ ಕಟ್ಟೆಯ ವಾದವೂ ಇದೇ ಆಗಿತ್ತು. ಹಣಕಾಸು ಇಲಾಖೆಗೆ ಕಂಡದ್ದು ದೊಡ್ಡ ಖರ್ಚು. ವಿಶ್ವೇಶ್ವರಯ್ಯನವರಿಗೆ ಕಂಡದ್ದು ಒಂದು ಸುತ್ತು: ಕಟ್ಟೆಯಿಂದ ಬೇಸಿಗೆಯ ನೀರು, ನೀರಿನಿಂದ ವಿದ್ಯುತ್, ವಿದ್ಯುತ್ತಿನಿಂದ ಆದಾಯ, ಜೊತೆಗೆ ಕಾಲುವೆ, ಬೆಳೆ, ಕಂದಾಯ. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿ 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಯ ಅಂದಾಜಿಗೆ ಆದೇಶ ಹೊರಡಿಸಿದರು. ಹೊರದೇಶದ ಸಿಮೆಂಟ್ ದುಬಾರಿಯಾದ್ದರಿಂದ ಇಟ್ಟಿಗೆ ಪುಡಿ ಮತ್ತು ಸುಣ್ಣದ ಸುರ್ಕಿ ಗಾರೆಯಿಂದ ಕಟ್ಟಿದರು. ಮದರಾಸು ಸರ್ಕಾರದ ಆಕ್ಷೇಪದಿಂದ ಮೊದಲಿಗೆ 80 ಅಡಿಗಷ್ಟೇ ಒಪ್ಪಿಗೆ ಸಿಕ್ಕಿತು. ಆದರೂ ಅಡಿಪಾಯವನ್ನು 124 ಅಡಿಗೆ ತಕ್ಕ ಅಗಲಕ್ಕೆ ಹಾಕಿಸಿದರು. ಅಡಿಪಾಯವನ್ನು ನಂತರ ಅಗಲಿಸುವ ಖರ್ಚು ಎಷ್ಟೋ ಪಟ್ಟು ಹೆಚ್ಚು. 1924ರ ಒಪ್ಪಂದದಿಂದ ದಾರಿ ಸುಗಮವಾಗಿ 1930ರ ದಶಕದ ಆರಂಭಕ್ಕೆ ಕಟ್ಟೆ ಪೂರ್ಣವಾಯಿತು. ಕಾಲುವೆಯ ನೀರಿನಿಂದ ಮಂಡ್ಯದಲ್ಲಿ ಕಬ್ಬು ಬೆಳೆದು, 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು.

ಲೆಕ್ಕದ ಇನ್ನೊಂದು ಬದಿಯನ್ನೂ ಮಕ್ಕಳಿಗೆ ಹೇಳಬೇಕು. ಹಳೆಯ ಕನ್ನಂಬಾಡಿಯೂ ಸೇರಿ ಹಲವು ಊರುಗಳು ನೀರಿನಡಿ ಹೋದವು. ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದವರಿಗೆ ಆ ನೀರಿನಿಂದ ಮರಳಿ ಬಂದದ್ದೇನು ಎಂಬ ಪ್ರಶ್ನೆ ಆದಾಯದ ಸುತ್ತಿನೊಳಗೆ ಬರುವುದಿಲ್ಲ. ಯಾವ ಮಾದರಿಗೂ ಒಂದು ಗಡಿ ಇರುತ್ತದೆ. ಗಡಿಯ ಹೊರಗೆ ಯಾರನ್ನು ಬಿಟ್ಟಿದ್ದೇವೆ ಎಂದು ಕೇಳುವುದು ಗಣಿತದ ವಿದ್ಯಾರ್ಥಿಯ ಕೆಲಸವೂ ಹೌದು.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್ ಮತ್ತು ಪ್ರಾಥಮಿಕ ಶಿಕ್ಷಣದ ಕಾನೂನು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದವು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯ ಭೇದ ಬಂತು. ಮಿಲ್ಲರ್ ಸಮಿತಿ ನೇಮಕವಾದ 1918ರಲ್ಲೇ ಅವರು ದಿವಾನಗಿರಿ ಬಿಟ್ಟರು. ಶಿಕ್ಷಣ ಹರಡಲಿ, ನೌಕರಿ ಅರ್ಹತೆಯಿಂದ ಬರಲಿ ಎಂಬುದು ಅವರ ನಿಲುವು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ನೌಕರಿಯಿಂದ ಮನೆಗೆ ಆದಾಯ, ಆದಾಯದಿಂದ ಮಕ್ಕಳಿಗೆ ಓದು, ಓದಿನಿಂದ ಮತ್ತೆ ನೌಕರಿ: ಇದೂ ಒಂದು ಸುತ್ತೇ. ಸಂಗ್ರಹವೇ ಇಲ್ಲದ ಮನೆಯಲ್ಲಿ ಈ ಸುತ್ತು ತಾನಾಗಿ ತಿರುಗಲಾರದು. ನೀರಿನ ವಿಷಯದಲ್ಲಿ ಅಷ್ಟು ಸ್ಪಷ್ಟವಾಗಿ ಕಂಡದ್ದು ಇಲ್ಲಿ ಅವರಿಗೆ ಕಾಣಲಿಲ್ಲ. ಮಹಾಪುರುಷರ ಪಾಠ ಮಾಡುವ ನಾವು ಇದನ್ನು ಮುಚ್ಚಿಡಬೇಕಾಗಿಲ್ಲ.

ವಿಳಂಬದ ಪಾಠ ಭದ್ರಾವತಿಯದು. ಮಹಾಯುದ್ಧದಿಂದ ಕಬ್ಬಿಣದ ಬೆಲೆ ಏರಿದ್ದಾಗ ಯೋಜಿಸಿದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸುವಷ್ಟರಲ್ಲಿ ಬೆಲೆ ಕುಸಿದಿತ್ತು. ಕರಿಮೆಣಸಿಗೆ ಬೆಲೆ ಬಂದ ವರ್ಷ ಬಳ್ಳಿ ನೆಟ್ಟು, ಫಸಲು ಬರುವ ಹೊತ್ತಿಗೆ ಬೆಲೆ ಇಳಿದದ್ದನ್ನು ಕಂಡ ಕೊಡಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಷ್ಟದಲ್ಲಿದ್ದ ಕಾರ್ಖಾನೆಯ ಹೊಣೆ ವಿಶ್ವೇಶ್ವರಯ್ಯನವರ ಮೇಲೆಯೇ ಬಂತು. ಕೆಲವು ವರ್ಷ ಅಲ್ಲಿನ ಮಂಡಳಿಯ ಅಧ್ಯಕ್ಷರಾಗಿ ಖರ್ಚು ತಗ್ಗಿಸಿದರು. ಕಾರ್ಖಾನೆ ಬರೀ ಕಚ್ಚಾ ಕಬ್ಬಿಣ ಮಾರುವ ಬದಲು ಎರಕದ ಕೊಳವೆಗಳನ್ನೂ ಮಾಡತೊಡಗಿತು.

1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ, 1960ರಲ್ಲಿ ಶತಮಾನೋತ್ಸವ. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಹುಟ್ಟೂರಿನಲ್ಲೇ ಅವರ ಸಮಾಧಿ ಇದೆ.

ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ. ಮೌಲ್ಯಮಾಪನದಲ್ಲಿ ಇಸವಿಗಳನ್ನು ಕೇಳುವ ಬದಲು, ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಒಂದು ಸಂಗ್ರಹವನ್ನು, ಅದು ನೀರಿನ ಟ್ಯಾಂಕ್ ಇರಲಿ, ಭತ್ತದ ಮೂಟೆ ಇರಲಿ, ಆರಿಸಿ ಹನ್ನೆರಡು ತಿಂಗಳ ಕೋಷ್ಟಕ ಬರೆಯಲಿ: ಬಂದದ್ದು, ಹೋದದ್ದು, ಉಳಿದದ್ದು. ಕೊನೆಯ ಕಂಬಸಾಲಿಗೆ ಒಂದು ಪ್ರಶ್ನೆ ಇರಲಿ: ಈ ಲೆಕ್ಕದಲ್ಲಿ ಸೇರದೆ ಉಳಿದದ್ದು ಯಾವುದು?