ಮೂರು ನದಿಗಳ ದಿವಾನರು

ಬೆಂಗಳೂರು: ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಎದುರು ಪ್ರತಿಮೆಯೊಂದು ನಿಂತಿದೆ. 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣಗೊಳಿಸಿದ ಪ್ರತಿಮೆ ಅದು. ಪುಸ್ತಕ ಹುಡುಕಿ ಬರುವವರು, ನೆರಳು ಹುಡುಕಿ ಬರುವವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ಶೇಷಾದ್ರಿಪುರ ಎಂಬ ಬಡಾವಣೆಗೆ ಆ ಹೆಸರು ಬಂದದ್ದು ಇವರಿಂದಲೇ ಎಂಬುದು ಕೆಲವರಿಗಾದರೂ ಗೊತ್ತು. ಆದರೆ ಬೆಳಿಗ್ಗೆ ನಲ್ಲಿ ತಿರುಗಿಸಿದೊಡನೆ ನದಿಯ ನೀರು ಬರಬೇಕು ಎಂಬ ಈ ಊರಿನ ಅಭ್ಯಾಸಕ್ಕೂ ಇವರೇ ಕಾರಣ ಎಂಬುದನ್ನು ನೆನೆಯುವವರು ವಿರಳ.

ಸರ್ ಕೆ. ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರವರೆಗೆ, ಅಂದರೆ ಹದಿನೆಂಟು ವರ್ಷಗಳ ಕಾಲ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಅಷ್ಟು ದೀರ್ಘ ಕಾಲ ಆ ಹುದ್ದೆಯಲ್ಲಿದ್ದವರು ವಿರಳ. ಆ ಅವಧಿಯಲ್ಲಿ ಅವರು ಮೂರು ನದಿಗಳಿಗೆ ಮೂರು ಕೆಲಸ ವಹಿಸಿದರು. ಅರ್ಕಾವತಿಗೆ ನಗರದ ಬಾಯಾರಿಕೆ, ವೇದಾವತಿಗೆ ಬರಗಾಲದ ಸೀಮೆಯ ಹೊಲ, ಕಾವೇರಿಗೆ ವಿದ್ಯುತ್ತು. ಅವರ ಜೀವನವನ್ನು ಈ ಮೂರು ನದಿಗಳ ದಡದಿಂದ ನೋಡಿದರೆ, ಇಂದಿನ ನಮ್ಮ ನೀರಿನ ಜಗಳಗಳ ಬೇರು ಎಲ್ಲಿಯವರೆಗೆ ಇಳಿದಿದೆ ಎಂಬುದು ಕಾಣುತ್ತದೆ.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಅವರು ಜನಿಸಿದ್ದು 1845ರ ಜೂನ್ 1ರಂದು, ಪಾಲಕ್ಕಾಡಿನ ಸಮೀಪದ ಕುಮಾರಪುರದಲ್ಲಿ. ಕಲ್ಲಿಕೋಟೆಯಲ್ಲೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ಅವರ ಸಾಮರ್ಥ್ಯವನ್ನು ಗುರುತಿಸಿ ಇಲ್ಲಿಗೆ ಬರಮಾಡಿಕೊಂಡವರು ಮುಂದೆ ಸಂಸ್ಥಾನದ ದಿವಾನರಾದ ರಂಗಾಚಾರ್ಲು. ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗದ ಹುದ್ದೆಯಿಂದ ಆರಂಭಿಸಿ ತುಮಕೂರಿನ ಜಿಲ್ಲಾಡಳಿತದವರೆಗೆ ಅವರು ಹಂತ ಹಂತವಾಗಿ ಮೇಲೇರಿದರು.

ಈ ನಡುವೆ ಬಂದದ್ದು 1876-78ರ ಮಹಾ ಬರಗಾಲ. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹಸಿವಿನಿಂದ ಸತ್ತವರು, ಊರು ಬಿಟ್ಟವರು, ಹುಟ್ಟಬೇಕಾಗಿದ್ದೂ ಹುಟ್ಟದ ಮಕ್ಕಳು ಎಲ್ಲರೂ ಆ ವ್ಯತ್ಯಾಸದಲ್ಲಿ ಸೇರಿದ್ದಾರೆ. ಮಳೆ ಕೈಕೊಟ್ಟರೆ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ಸೀಮೆಯೂ ಉಳಿಯಲಾರದು ಎಂಬುದನ್ನು ಆ ಮೂರು ವರ್ಷಗಳು ತೋರಿಸಿಕೊಟ್ಟವು. ಕೆರೆಯೂ ಮಳೆಯನ್ನೇ ನಂಬಿದ್ದು ತಾನೆ!

1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರ ವಂಶಕ್ಕೆ ಹಿಂತಿರುಗಿಸಿದಾಗ ಖಜಾನೆಯ ಮೇಲೆ ಬರಗಾಲದ ಸಾಲದ ಹೊರೆಯಿತ್ತು. ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ತೀರಿಕೊಂಡರು. ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ಮೂವತ್ತೇಳರ ಹರೆಯದ ಶೇಷಾದ್ರಿ ಅಯ್ಯರ್ ಅವರನ್ನು ದಿವಾನರನ್ನಾಗಿ ನೇಮಿಸಿದರು. ಮದರಾಸು ಕಡೆಯವರಿಗೇ ದೊಡ್ಡ ಹುದ್ದೆಗಳು ಸಲ್ಲುತ್ತಿವೆ ಎಂಬ ಮೈಸೂರಿಗರ ಅಸಮಾಧಾನ ಅವರ ಆಡಳಿತದುದ್ದಕ್ಕೂ ಇತ್ತು. ಅದನ್ನು ಇಲ್ಲಿ ವಿಸ್ತರಿಸುವುದು ಬೇಡ. ಆದರೆ ಅಧಿಕಾರವನ್ನು ಗಟ್ಟಿಯಾಗಿ ಕೈಯಲ್ಲಿಟ್ಟುಕೊಂಡಿದ್ದ ದಿವಾನರಾಗಿದ್ದರಿಂದಲೇ ಇಷ್ಟು ದೊಡ್ಡ ಕಾಮಗಾರಿಗಳು ಸಾಧ್ಯವಾದವು ಎಂಬುದೂ ನಿಜ.

ಅರ್ಕಾವತಿ ನಗರಕ್ಕೆ ಬಂದದ್ದು

ಆಗಿನ ಬೆಂಗಳೂರು ಪೇಟೆ ಮತ್ತು ದಂಡು ಪ್ರದೇಶ ಸೇರಿ ಒಂದು ಲಕ್ಷ ಎಂಬತ್ತು ಸಾವಿರ ಜನರ ಊರು. ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಮತ್ತು ಬಾವಿಗಳೇ ಅದರ ನೀರಿನ ಆಸರೆ. ಮಳೆ ತಪ್ಪಿದ ವರ್ಷ ಕೆರೆ ಬತ್ತುತ್ತಿತ್ತು, ಉಳಿದ ವರ್ಷ ಕಲುಷಿತ ನೀರಿನಿಂದ ಕಾಲರಾ ಹರಡುತ್ತಿತ್ತು. ಊರೊಳಗಿನ ಕೆರೆಗಳನ್ನು ಬಿಟ್ಟು ಊರಾಚೆಯ ನದಿಯತ್ತ ನೋಡಲು ದಿವಾನರು ನಿರ್ಧರಿಸಿದರು.

ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಕೊಂಡು ಹೆಸರಘಟ್ಟಕ್ಕೆ ಬರುವ ನದಿ. ಅಲ್ಲಿದ್ದ ಹಳೆಯ ಕೆರೆಯ ಜಾಗದಲ್ಲಿ 1894ರಲ್ಲಿ ಹೊಸ ಜಲಾಶಯದ ಕೆಲಸ ಆರಂಭವಾಯಿತು. ಇಟ್ಟಿಗೆಯ ಕಾಲುವೆಯಲ್ಲಿ ಸಹಜ ಇಳಿಜಾರಿನಲ್ಲಿ ತರಬನಹಳ್ಳಿಯ ಮೂಲಕ ಹರಿದ ನೀರನ್ನು ಸೋಲದೇವನಹಳ್ಳಿಯಲ್ಲಿ ಹಬೆ ಯಂತ್ರಗಳಿಂದ ಮೇಲೆತ್ತಿ ಮಲ್ಲೇಶ್ವರದ ಕಡೆಗೆ ಕಳುಹಿಸುವ ವ್ಯವಸ್ಥೆ ಅದು. 1896ರಲ್ಲಿ ನಗರಕ್ಕೆ ಕೊಳವೆಯ ನೀರು ಬಂದಿತು. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೀಡಾದ ಮಹಾರಾಜರ ಹೆಸರನ್ನೇ ಈ ಜಲಕಾಮಗಾರಿಗೆ ಇಡಲಾಯಿತು. ಎರಡೂವರೆ ಲಕ್ಷ ಜನರಿಗೆ ಸಾಕಾಗುವಷ್ಟು ಎಂಬುದು ಅಂದಿನ ಅಂದಾಜು.

1898ರಲ್ಲಿ ಪ್ಲೇಗ್ ಬಂದಾಗ ಈ ನೀರಿನ ಬೆಲೆ ತಿಳಿಯಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಅಗಲವಾದ ರಸ್ತೆ, ಬೆಳಕು, ಗಾಳಿಯ ಜತೆಗೆ ಕೊಳವೆಯ ನೀರೂ ದೊರೆಯಬಲ್ಲುದಾದ್ದರಿಂದಲೇ ನಗರ ಹರಡಿಕೊಳ್ಳುವುದು ಸಾಧ್ಯವಾಯಿತು.

ಆದರೆ ಕೊಳವೆಯ ನೀರು ಬಂದ ಊರಿನಲ್ಲಿ ಕೆರೆಗೆ ದಿಕ್ಕಿರಲಿಲ್ಲ. ಕುಡಿಯುವ ನೀರಿಗಾಗಿ ಕಾಯುತ್ತಿದ್ದವರೇ ಇಲ್ಲವಾದ ಮೇಲೆ ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಮನೆಯೊಳಗೆ ಬಂದ ನೀರು ಕೊಳಚೆಯಾಗಿ ಹೊರಗೆ ಹೋಗಲೇಬೇಕಲ್ಲ? ಅದಕ್ಕೆ ನಗರ ವೃಷಭಾವತಿಯನ್ನು ತೋರಿಸಿತು. ದಿವಾನರ ಯೋಜನೆಯಲ್ಲಿ ನೀರು ಒಳಬರುವ ದಾರಿಯ ಬಗ್ಗೆ ಇದ್ದ ಎಚ್ಚರ, ಹೊರಹೋಗುವ ದಾರಿಯ ಬಗ್ಗೆ ಇರಲಿಲ್ಲ. ಅವರ ನಂತರ ಬಂದವರಲ್ಲೂ ಇರಲಿಲ್ಲ ಎಂಬುದು ಇನ್ನೂ ದೊಡ್ಡ ದೋಷ.

ಮಾರಿಕಣಿವೆಯ ಗಣಿತ

ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವೆ ವೇದಾವತಿ ನುಸುಳಿ ಹೋಗುವ ಕಿರಿದಾದ ಜಾಗವೇ ಮಾರಿಕಣಿವೆ. ಅಲ್ಲಿ ಅಣೆಕಟ್ಟು ಕಟ್ಟಬೇಕೆಂಬ ಮಾತು ಬಹಳ ಹಿಂದಿನದು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿದ್ದ ಕಾಲದಲ್ಲಿ, 1898ರಲ್ಲಿ ಕೆಲಸ ಆರಂಭವಾಯಿತು. 1907ರಲ್ಲಿ ಮುಗಿದ ಈ ಜಲಾಶಯದ ಸಾಮರ್ಥ್ಯ 30 ಟಿಎಂಸಿ ಅಡಿ, ಅಚ್ಚುಕಟ್ಟು ಸುಮಾರು 12 ಸಾವಿರ ಹೆಕ್ಟೇರ್. ಮಳೆ ಕಡಿಮೆ ಬೀಳುವ ಚಿತ್ರದುರ್ಗದ ಸೀಮೆಗೆ ಅದು ವರವೇ ಆಯಿತು.

ಆದರೆ ವೇದಾವತಿ ಎಂಜಿನಿಯರುಗಳು ಬಯಸಿದಷ್ಟು ತುಂಬಿ ಬರುವ ನದಿಯಾಗಿರಲಿಲ್ಲ. ಮೇಲೆ ಕಡೂರು, ತರೀಕೆರೆ ಕಡೆಗೆ ನೂರಾರು ಕೆರೆಗಳು ಅದರ ನೀರನ್ನು ಮೊದಲೇ ಹಿಡಿದುಕೊಳ್ಳುತ್ತಿದ್ದವು. ಆ ಕೆರೆಗಳಿಗೂ ರೈತರಿದ್ದಾರೆ, ಹಕ್ಕುಗಳಿವೆ. 130 ಅಡಿಯ ಗರಿಷ್ಠ ಮಟ್ಟಕ್ಕೆ ಜಲಾಶಯ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ! ಅಂದು ಹಿರಿಯೂರಿನಲ್ಲಿ ಜಾತ್ರೆಯೇ ನೆರೆಯಿತು. ಆ ವೇಳೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅದಕ್ಕೆ ಸೇರುತ್ತಿತ್ತು. 2025ರ ಜನವರಿಯಲ್ಲಿ ಅದು ಮತ್ತೊಮ್ಮೆ ತುಂಬಿತು. ಆ ಬಾರಿ ಎತ್ತಿನಹೊಳೆಯ ನೀರಿನ ಪಾಲೂ ಇತ್ತು. ಪಶ್ಚಿಮಕ್ಕೆ ಹರಿದು ನೇತ್ರಾವತಿಗೆ ಸೇರಬೇಕಾಗಿದ್ದ ಹೊಳೆ ಅದು. ಅದನ್ನು ತಿರುಗಿಸಬಾರದೆಂದು ಕರಾವಳಿಯ ಜನ ವರ್ಷಗಟ್ಟಲೆ ಹೋರಾಡಿದ್ದನ್ನು ಇಲ್ಲಿ ಮರೆಯುವಂತಿಲ್ಲ.

ಈ ನಡುವೆ ಜಲಾಶಯದ ಮೇಲೆ ಬೇರೆ ಬೇಡಿಕೆಗಳೂ ಬೆಳೆದವು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆ ಪಟ್ಟಣಗಳ ಕುಡಿಯುವ ನೀರು ಅಲ್ಲಿಂದಲೇ ಹೋಗಬೇಕು. ನದಿಪಾತ್ರದಲ್ಲಿ ನೀರು ಬಿಟ್ಟರೆ ಚಳ್ಳಕೆರೆ ಕಡೆಯ ಹಳ್ಳಿಗಳ ಬಾವಿಗಳು ಜೀವ ಹಿಡಿಯುತ್ತವೆ, ಬಿಟ್ಟರೆ ತಮ್ಮ ತೋಟಗಳಿಗೆ ಉಳಿಯುವುದಿಲ್ಲ ಎಂದು ಹಿರಿಯೂರಿನ ರೈತರು ಆಕ್ಷೇಪಿಸುತ್ತಾರೆ. ಎರಡೂ ಕಡೆಯವರದು ನ್ಯಾಯವೇ.

ಶಿವನಸಮುದ್ರ ಮತ್ತು 1892ರ ಕರಾರು

ಮೂರನೆಯದು ಕಾವೇರಿ. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯಲ್ಲಿ ಸಾಗಿಸುವ ಯೋಜನೆ ಆ ದಿನಗಳಲ್ಲಿ ಹುಚ್ಚು ಸಾಹಸದಂತೆ ಕಂಡಿರಬೇಕು. ಎಂಜಿನಿಯರ್ ಡಿ ಲಾಟ್ಬಿನಿಯರ್ ಅವರ ಪ್ರಸ್ತಾವಕ್ಕೆ ದಿವಾನರು ಬೆನ್ನೆಲುಬಾದರು. 1902ರಲ್ಲಿ ಗಣಿಗಳಿಗೆ ವಿದ್ಯುತ್ ಹರಿಯಿತು, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು.

ವಿದ್ಯುತ್ ಕೇಂದ್ರ ನೀರನ್ನು ಕುಡಿಯುವುದಿಲ್ಲ, ಬಳಸಿ ನದಿಗೇ ಹಿಂತಿರುಗಿಸುತ್ತದೆ. ಆದರೆ ಅದಕ್ಕೆ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಒಂದೇ ಸಮನೆ ನೀರು ಬೇಕು. ನದಿಯ ಸ್ವಭಾವ ಹಾಗಲ್ಲ. ಬೇಸಿಗೆಯಲ್ಲಿ ಗಗನಚುಕ್ಕಿಯ ಬಂಡೆಗಳು ಬರಿದಾಗಿ ಕಾಣುವುದಕ್ಕೆ ನೀರು ಮೇಲೆಯೇ ಕಾಲುವೆಗೆ ತಿರುಗುವುದೂ ಒಂದು ಕಾರಣ. ವಿದ್ಯುತ್ ಕೇಂದ್ರಕ್ಕೆ ಸ್ಥಿರವಾದ ಹರಿವನ್ನು ಒದಗಿಸುವುದೂ 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಒಂದು ಕಟ್ಟೆ ಇನ್ನೊಂದು ಕಟ್ಟೆಯನ್ನು ಬೇಡಿತು.

ದಿವಾನರ ಅವಧಿಯ ಮತ್ತೊಂದು ಸಂಗತಿಯನ್ನು ಕನ್ನಡಿಗರು ಇಂದಿಗೂ ಕಹಿಯಾಗಿ ನೆನೆಯುತ್ತಾರೆ. ಅದು 1892ರ ಫೆಬ್ರವರಿಯ ಮೈಸೂರು-ಮದರಾಸು ಕರಾರು. ಕಾವೇರಿ, ಹೇಮಾವತಿ, ಕಬಿನಿ, ತುಂಗಭದ್ರಾ, ವೇದಾವತಿ ಮೊದಲಾದ ನದಿಗಳ ಮೇಲೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ ಎಂಬುದು ಅದರ ಸಾರ. ಕೆಳಗಿನವರು ಹಿಂದಿನಿಂದ ಅನುಭವಿಸಿಕೊಂಡು ಬಂದ ಹಕ್ಕಿಗೆ ಧಕ್ಕೆಯಾಗುವುದಾದರೆ ಮಾತ್ರ ಮದರಾಸು ನಿರಾಕರಿಸಬಹುದಿತ್ತು. ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನಕ್ಕೆ ಬ್ರಿಟಿಷ್ ಪ್ರಾಂತ್ಯದೊಡನೆ ಸಮಬಲದ ಚೌಕಾಶಿ ಸಾಧ್ಯವಿರಲಿಲ್ಲ. ಹಾಗಾಗಿ ಕರಾರಿನ ಹೊಣೆಯನ್ನೆಲ್ಲ ದಿವಾನರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆದರೆ ಒಂದು ಮಾತು ಗಮನಾರ್ಹ. ಮೇಲಿನವರು ನೀರು ಹಿಡಿಯುವ ಮುನ್ನ ಕೆಳಗಿನವರನ್ನು ಕೇಳಬೇಕು ಎಂಬ ತತ್ವ ಆ ಕರಾರಿನಲ್ಲಿತ್ತು. ಎರಡು ಸರಕಾರಗಳ ನಡುವೆ ಒಪ್ಪಿದ ಈ ತತ್ವವನ್ನು ದೊಡ್ಡಬಳ್ಳಾಪುರ ಮತ್ತು ಹೆಸರಘಟ್ಟದ ನಡುವೆ ಯಾರೂ ತರಲಿಲ್ಲ. ಫಲವಾಗಿ ಅರ್ಕಾವತಿಯನ್ನು ಯಾವ ಅಣೆಕಟ್ಟೂ ಕೊಲ್ಲಲಿಲ್ಲ. ಸಾವಿರಾರು ಕೊಳವೆಬಾವಿಗಳು, ಸಾಲು ಸಾಲು ನೀಲಗಿರಿ ತೋಪುಗಳು ಸದ್ದಿಲ್ಲದೆ ಕೊಂದವು. ಮಳೆ ಕಡಿಮೆಯಾದದ್ದೇ ಕಾರಣ ಎಂದು ಬಹಳ ಕಾಲ ನಂಬಲಾಗಿತ್ತು. ಬೆಂಗಳೂರಿನ ಏಟ್ರಿ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಒಪ್ಪಲಿಲ್ಲ, ಅಂತರ್ಜಲದ ಬಳಕೆ ಮತ್ತು ನೀಲಗಿರಿಯತ್ತ ಬೆರಳು ತೋರಿತು. ನೆಲದೊಳಗಿನ ನೀರಿನ ಮಟ್ಟ ಹೊಳೆಯ ತಳಕ್ಕಿಂತ ಕೆಳಗಿಳಿದರೆ, ಬಿದ್ದ ಮಳೆ ಹೊಳೆಯಾಗುವ ಮೊದಲೇ ಇಂಗಿ ಹೋಗುತ್ತದೆ. ರೈತರನ್ನು ದೂರುವುದು ಸುಲಭ. ಆದರೆ ಕೆರೆ ಬತ್ತಿದಾಗ ಅವರಿಗೆ ಉಳಿದದ್ದು ಕೊಳವೆಬಾವಿಯೊಂದೇ, ಅದರಲ್ಲಿ ಬೆಳೆದ ತರಕಾರಿ, ದ್ರಾಕ್ಷಿ ತಿಂದದ್ದು ಇದೇ ಬೆಂಗಳೂರು.

1933ರಲ್ಲಿ ಅರ್ಕಾವತಿಗೇ ತಿಪ್ಪಗೊಂಡನಹಳ್ಳಿಯಲ್ಲಿ ಎರಡನೆಯ ಜಲಾಶಯ ಬಂದಿತು. 1974ರಿಂದ ಕಾವೇರಿಯ ನೀರು ನಗರಕ್ಕೆ ಬರತೊಡಗಿತು. 1990ರ ದಶಕದಲ್ಲಿ ಹೆಸರಘಟ್ಟ, ಮುಂದಿನ ಎರಡು ದಶಕಗಳಲ್ಲಿ ತಿಪ್ಪಗೊಂಡನಹಳ್ಳಿ ನಗರದ ನೀರಿನ ಲೆಕ್ಕದಿಂದ ಹೊರಬಿದ್ದವು. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಕಾಪಾಡಲು 2003ರಲ್ಲಿ ಸರಕಾರ ಅಧಿಸೂಚನೆ ಹೊರಡಿಸಿದಾಗ ಕಾಪಾಡಲು ಉಳಿದಿದ್ದ ಹರಿವು ಅಲ್ಪವೇ.

ಶೇಷಾದ್ರಿ ಅಯ್ಯರ್ ಅವರ ಲೆಕ್ಕದಲ್ಲಿ ನಗರಕ್ಕೊಂದು, ರೈತನಿಗೊಂದು, ಗಣಿಗೊಂದು ಕಲಮು ಇತ್ತು. ನದಿಗೆಂದು ಕಲಮು ಇರಲಿಲ್ಲ. ಆ ಕಾಲದಲ್ಲಿ ಯಾವ ದೇಶದ ಎಂಜಿನಿಯರೂ ಅಂಥ ಲೆಕ್ಕ ಬರೆಯುತ್ತಿರಲಿಲ್ಲವೆಂಬುದನ್ನು ನೆನೆದರೆ ಅವರನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ತರವಲ್ಲ. ಕಾವೇರಿಗೆ ಅಂಥ ಕಲಮು ಬಂದದ್ದು 2007ರಲ್ಲಿ. ನ್ಯಾಯಮಂಡಳಿಯ ಅಂತಿಮ ತೀರ್ಪು 740 ಟಿಎಂಸಿ ಅಡಿಗಳಲ್ಲಿ 10 ಟಿಎಂಸಿಯನ್ನು ಪರಿಸರ ರಕ್ಷಣೆಗೆಂದು ತೆಗೆದಿರಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಮೀಸಲಾಯಿತು. ಅರ್ಕಾವತಿಗೆ ಇಂಥ ಒಂದು ಹನಿಯನ್ನೂ ಯಾರೂ ಬರೆದಿಟ್ಟಿಲ್ಲ.

ಆರೋಗ್ಯ ಕೆಟ್ಟು 1901ರಲ್ಲಿ ದಿವಾನಗಿರಿಯಿಂದ ನಿವೃತ್ತರಾದ ಶೇಷಾದ್ರಿ ಅಯ್ಯರ್ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನರಾದರು. ಶಿವನಸಮುದ್ರದ ವಿದ್ಯುತ್ತನ್ನಾಗಲಿ, ತುಂಬಿದ ಮಾರಿಕಣಿವೆಯನ್ನಾಗಲಿ ಅವರು ನೋಡಲಿಲ್ಲ. ಕಣ್ಣಾರೆ ಕಂಡದ್ದು ಹೆಸರಘಟ್ಟದ ನೀರನ್ನು ಮಾತ್ರ.

ಆ ಅರ್ಕಾವತಿ ಇಂದು ಬೈರಮಂಗಲದ ಮೂಲಕ ಬರುವ ವೃಷಭಾವತಿಯ ಕೊಳಚೆಯನ್ನು ಹೊತ್ತು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಕೆಳಗಿದೆ ಮೇಕೆದಾಟು. ಬೆಂಗಳೂರಿಗೆ ಕುಡಿಯುವ ನೀರು ಒದಗಿಸಲು ಜಲಾಶಯ ಕಟ್ಟಬೇಕೆಂದು ರಾಜ್ಯ ಸರಕಾರ ಪ್ರಸ್ತಾಪಿಸಿರುವುದು ಅದೇ ಜಾಗದಲ್ಲಿ.