ಕಲ್ಲನ್ನೋದಿದ ಉಪಾಧ್ಯಾಯ

ಶಾಸನಪಾಠ ಹೇಳುವ ನನಗೆ ಕಲ್ಲೆಂದರೆ ಅಕ್ಷರಗಳನ್ನು ಹೊತ್ತ ಕಲ್ಲು. ಒಂದಕ್ಷರವೂ ಇಲ್ಲದ ಶಿಲೆಯಿಂದ ಕೋಟ್ಯಂತರ ವರ್ಷಗಳ ವೃತ್ತಾಂತವನ್ನು ಹೊರಡಿಸಿದವರ ಬಾಳು ಆದ್ದರಿಂದಲೇ ನನ್ನನ್ನು ಬಲವಾಗಿ ಸೆಳೆಯುತ್ತದೆ. ಅಂಥವರಲ್ಲೊಬ್ಬ ರಷ್ಯದ ಇವಾನ್ ಮಿಖೈಲೊವಿಚ್ ಗುಬ್ಕಿನ್.

1871ರಲ್ಲಿ ಮೂರೊಮ್ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ ಬಡ ರೈತನ ಮಗನಾಗಿ ಹುಟ್ಟಿದ ಆತ ಮೊದಲು ಹಳ್ಳಿಯ ಶಾಲೆಯ ಉಪಾಧ್ಯಾಯನಾಗಿದ್ದ. ಓದು ಮುಗಿಯಿತೆಂದು ಇತರರು ನೆಮ್ಮದಿಯಿಂದಿರುವ ವಯಸ್ಸಿನಲ್ಲಿ, 1903ರಲ್ಲಿ, ಪೀಟರ್ಸ್‌ಬರ್ಗಿನ ಗಣಿವಿದ್ಯಾಲಯದಲ್ಲಿ ತಾನೇ ವಿದ್ಯಾರ್ಥಿಯಾಗಿ ಕುಳಿತ. ಪದವಿ ದೊರೆತದ್ದು 1910ರಲ್ಲಿ, ನಲವತ್ತರ ಹೊಸ್ತಿಲಲ್ಲಿ. ಮೈಕೋಪ್ ಪ್ರಾಂತದಲ್ಲಿ ಎಣ್ಣೆ ಒಂದು ಬಾವಿಯಲ್ಲಿ ದೊರೆತು ಪಕ್ಕದ ಬಾವಿಯಲ್ಲಿ ದೊರೆಯದಿರುವುದು ಆಗ ಎಲ್ಲರಿಗೂ ಒಗಟಾಗಿತ್ತು. ಹೂತುಹೋದ ಪುರಾತನ ನದೀಪಾತ್ರದ ಮರಳಿನಲ್ಲಿ ಎಣ್ಣೆ ನಿಂತಿದೆಯೆಂದು ತೋರಿಸಿ ಆ ಒಗಟನ್ನು ಬಿಡಿಸಿದವನು ಈತ.

ನೆಲದಡಿಯ ಎಣ್ಣೆಯನ್ನು ಅಂದಾಜು ಮಾಡುವುದು ಜೋಯಿಸರ ಕವಡೆಯಾಟವಲ್ಲ. ನೀರಿನ ತಳದ ಕೆಸರಿನಲ್ಲಿ ಹೂತ ಸೂಕ್ಷ್ಮಜೀವಿಗಳ ಅವಶೇಷವು ಆಳದ ಶಾಖದಲ್ಲಿ ಎಣ್ಣೆಯಾಗುತ್ತದೆ. ಶಾಖ ಸಾಲದಿದ್ದರೆ ಎಣ್ಣೆ ಹುಟ್ಟದು; ಮಿತಿಮೀರಿದರೆ ಉಳಿಯದು. ಹುಟ್ಟಿದ ಎಣ್ಣೆಗೆ ನೆಲೆಯಾಗಿ ಮರಳುಗಲ್ಲಿನ ಇಲ್ಲವೆ ಸುಣ್ಣಕಲ್ಲಿನ ರಂಧ್ರಗಳು ಬೇಕು. ಮೇಲೆ ಅದನ್ನು ತಡೆಯುವ ಬಿಗಿಯಾದ ಪದರ ಬೇಕು. ಶಿಲೆ ಹಳೆಯದಾದಷ್ಟೂ ಇವೆಲ್ಲ ಕೆಡದೆ ಉಳಿದಿರುವ ಭರವಸೆ ಕುಗ್ಗುತ್ತದೆ.

ವೋಲ್ಗಾ ನದಿಗೂ ಉರಲ್ ಪರ್ವತಕ್ಕೂ ನಡುವಣ ಪ್ರಾಚೀನ ಶಿಲೆಗಳನ್ನು ಕುರಿತು ಹಲವು ಪಂಡಿತರ ಶಂಕೆಯೂ ಇಂಥದೇ. ಗುಬ್ಕಿನ್ ಮಾತ್ರ ಅಲ್ಲಿ ಎಣ್ಣೆಯಿದೆಯೆಂದು ಹಟ ಹಿಡಿದ. 1929ರಲ್ಲಿ ಪೊಟ್ಯಾಷ್ ಲವಣಕ್ಕಾಗಿ ಕೊರೆದ ಬಾವಿಯೊಂದರಲ್ಲಿ ಎಣ್ಣೆ ಕಾಣಿಸಿತು. 1932ರ ಮೇ ತಿಂಗಳಲ್ಲಿ ಇಷಿಂಬಾಯ್‌ನ ಸುಣ್ಣಕಲ್ಲಿನಿಂದ ಚಿಲುಮೆಯಾಗಿ ಚಿಮ್ಮಿತು. ಆತ ಅಷ್ಟಕ್ಕೇ ತಣಿಯಲಿಲ್ಲ. ಇನ್ನೂ ಕೆಳಗೆ, ಸುಮಾರು 36ರಿಂದ 42 ಕೋಟಿ ವರ್ಷ ಹಿಂದಿನ ಡೆವೋನಿಯನ್ ಪದರಗಳನ್ನೂ ಶೋಧಿಸಬೇಕೆಂದ. ಅದೇ ವರ್ಷ ಪಶ್ಚಿಮ ಸೈಬೀರಿಯದ ಜೌಗುನೆಲದ ಕಡೆಗೂ ಬೆರಳು ತೋರಿಸಿದ. ಬಾವಿ ಬರಿದಾದರೆ ದೇಶದ ಹಣವೂ ತನ್ನ ಹೆಸರೂ ಒಟ್ಟಿಗೆ ಮಣ್ಣುಪಾಲಾಗುತ್ತಿದ್ದ ಕಾಲದಲ್ಲಿ ಆಡಿದ ಮಾತುಗಳಿವು.

1939ರಲ್ಲಿ ಗುಬ್ಕಿನ್ ಕಣ್ಮುಚ್ಚಿದ. ತುಯಿಮಜಿಯ ಡೆವೋನಿಯನ್ ಶಿಲೆ ಎಣ್ಣೆಯನ್ನು ಧಾರೆಯೆರೆದದ್ದು 1944ರಲ್ಲಿ. ಸೈಬೀರಿಯದ ಬೆರ್ಯೋಜೊವೊದಲ್ಲಿ ಅನಿಲ ಭುಗಿಲೆದ್ದದ್ದು 1953ರಲ್ಲಿ. ಸಮೊಟ್ಲೋರ್ ಎಂಬ ಮಹಾನಿಧಿ ದೊರೆತದ್ದು 1965ರಲ್ಲಿ. ಈ ಯಾವುದನ್ನೂ ನೋಡುವ ಭಾಗ್ಯ ಆತನಿಗಿರಲಿಲ್ಲ.

ಎಣ್ಣೆಯ ಹೊಗೆ ಭೂಮಿಗೆ ತಂದ ತಾಪವನ್ನು ಬಲ್ಲ ನಾವು ಇಂದು ಆ ನಿಧಿಗಳನ್ನು ಅಂದಿನ ಉತ್ಸಾಹದಿಂದ ಹೊಗಳಲಾರೆವು. ಆದರೂ ಪ್ರಮಾಣವಿದ್ದಷ್ಟು ದೂರ ನಿರ್ಭಯವಾಗಿ ನಡೆದ ಆ ಬುದ್ಧಿಗೆ ನನ್ನ ಗೌರವ ಕುಂದಿಲ್ಲ. ಮಾಸ್ಕೋದ ತೈಲವಿದ್ಯಾಲಯ ಆತನ ಹೆಸರನ್ನೇ ಹೊತ್ತಿದೆ. ಹಳ್ಳಿಯ ಉಪಾಧ್ಯಾಯನಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ನನಗೆ ತೋರದು.